ಎಸೆಯುವ ಮೊದಲು ಅಳೆಯಬೇಕು: ಕರಾವಳಿಯ ಮನೆಗಳಲ್ಲಿ ಕಂಪ್ಯೂಟರಿನ ಆರೋಗ್ಯ ಪರೀಕ್ಷೆ

ಮೈಕ್ರೋಸಾಫ್ಟ್ ಸಂಸ್ಥೆಯು 2025ರ ಅಕ್ಟೋಬರ್ 14ರಂದು ವಿಂಡೋಸ್ 10ರ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿದ ಮೇಲೆ ಮಂಗಳೂರು, ಉಡುಪಿಯ ಮನೆಗಳಲ್ಲೂ ಅಂಗಡಿಗಳಲ್ಲೂ ಒಂದು ಮಾತು ಪದೇ ಪದೇ ಕಿವಿಗೆ ಬೀಳುತ್ತಿದೆ: "ಕಂಪ್ಯೂಟರ್ ಹಳತಾಯಿತು, ಇನ್ನು ಹೊಸತು ತೆಗೆದುಕೊಳ್ಳುವುದೇ ಒಳ್ಳೆಯದು." ಈ ಮಾತು ಬರುತ್ತಿರುವ ಹೊತ್ತು ಮಾತ್ರ ಒಳ್ಳೆಯದಲ್ಲ. ಕೃತಕ ಬುದ್ಧಿಮತ್ತೆಯ ದತ್ತಾಂಶ ಕೇಂದ್ರಗಳ ಬೇಡಿಕೆಯಿಂದಾಗಿ 2025ರ ಕೊನೆಯ ತಿಂಗಳುಗಳಲ್ಲಿ ಮೆಮೊರಿ ಚಿಪ್‌ಗಳ ಬೆಲೆ ತೀವ್ರವಾಗಿ ಏರಿತು. ಮೈಕ್ರಾನ್ ಸಂಸ್ಥೆಯು ಮನೆಬಳಕೆಯ ಗ್ರಾಹಕರಿಗೆ ತಾನು ಮಾರುತ್ತಿದ್ದ ಕ್ರೂಷಿಯಲ್ ಹೆಸರಿನ ವ್ಯಾಪಾರವನ್ನೇ ನಿಲ್ಲಿಸುವುದಾಗಿ ಆ ಡಿಸೆಂಬರಿನಲ್ಲಿ ಪ್ರಕಟಿಸಿತು. ಹೀಗೆ ಹೊಸ ಯಂತ್ರ ದುಬಾರಿಯಾಗಿರುವ ಸಮಯದಲ್ಲೇ ಹಳೆಯ ಯಂತ್ರವನ್ನು ಬಿಟ್ಟುಬಿಡುವ ಒತ್ತಡವೂ ಹೆಚ್ಚಿದೆ.

"ಹಳತಾಯಿತು" ಎಂಬ ಒಂದೇ ಪದದೊಳಗೆ ಬೇರೆ ಬೇರೆ ಕಾಯಿಲೆಗಳು ಅಡಗಿರುತ್ತವೆ ಎಂಬುದು ನನ್ನ ಅನುಭವ. ಡಿಸ್ಕ್ ನಿಧಾನವಾಗಿರಬಹುದು ಅಥವಾ ಕೆಡುತ್ತಿರಬಹುದು. ಪ್ರೊಸೆಸರ್ ಬಿಸಿಯೇರಿ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತಿರಬಹುದು. ರ‍್ಯಾಮ್ (ಕೆಲಸದ ಹೊತ್ತಿನ ತಾತ್ಕಾಲಿಕ ಮೆಮೊರಿ) ತಪ್ಪು ಮಾಡುತ್ತಿರಬಹುದು. ಬರುವ ವಿದ್ಯುತ್ತೇ ಸರಿ ಇಲ್ಲದಿರಬಹುದು. ಇವುಗಳಲ್ಲಿ ಯಾವುದಕ್ಕೂ ಇಡೀ ಯಂತ್ರವನ್ನು ಬದಲಿಸಬೇಕಾಗಿಲ್ಲ. ಒಂದನ್ನು ಇನ್ನೊಂದರಿಂದ ಬೇರ್ಪಡಿಸಿ ಗುರುತಿಸಲು ಅಳತೆಯೊಂದೇ ದಾರಿ, ಮತ್ತು ಅದಕ್ಕೆ ಬೇಕಾದ ತಂತ್ರಾಂಶಗಳು ಬಹುತೇಕ ಉಚಿತವಾಗಿ ಸಿಗುತ್ತವೆ. ಕಷ್ಟವಿರುವುದು ಅವು ತೋರಿಸುವ ಅಂಕಿಗಳನ್ನು ಓದುವುದರಲ್ಲಿ. ಅದರಲ್ಲೂ ಒಣ ಹವೆಯ, ತಂಪು ಕೋಣೆಗಳ ಊರುಗಳಲ್ಲಿ ಕುಳಿತವರು ಬರೆದ ಮಾರ್ಗದರ್ಶನವನ್ನು ನಮ್ಮ ಸೆಕೆ, ಉಪ್ಪುಗಾಳಿ, ಮಳೆ, ಸಿಡಿಲುಗಳ ನಡುವೆ ಅನ್ವಯಿಸುವುದರಲ್ಲಿ.

ಕಳೆದ ಮಳೆಗಾಲ ಮುಗಿಯುತ್ತಿದ್ದಾಗ ಉಡುಪಿ ಸಂತೆಕಟ್ಟೆಯ ನನ್ನ ಭಾವನ ಮನೆಯ ಕಂಪ್ಯೂಟರಿಗೆ ಇಂಥದೇ ತೀರ್ಪು ಸಿಕ್ಕಿತ್ತು. 2018ರಲ್ಲಿ ಕೊಂಡ ಇಂಟೆಲ್ ಕೋರ್ ಐ3-8100 ಯಂತ್ರ ಅದು. ದಿನಸಿ ಅಂಗಡಿಯ ಲೆಕ್ಕವೂ ಮಗನ ಓದೂ ಅದರಲ್ಲೇ ನಡೆಯುತ್ತಿದ್ದವು. ಚಾಲೂ ಮಾಡಿದ ಹತ್ತು ನಿಮಿಷ ಹೇಗೋ ಕೆಲಸ ಮಾಡಿ ಆಮೇಲೆ ಮೌಸ್ ಕೂಡ ತಡವರಿಸುತ್ತಿತ್ತು. ರಿಪೇರಿಗೆ ಕೊಂಡೊಯ್ದ ಕಡೆ ಮದರ್‌ಬೋರ್ಡ್ ವೀಕ್ ಆಗಿದೆ, ವಿಂಡೋಸ್ 11 ಇದರಲ್ಲಿ ಬಾರದು, ಹೊಸತು ನೋಡಿ ಎಂದಿದ್ದರು. ಯಾವ ಅಂಕಿಯನ್ನು ನೋಡಿ ಹಾಗೆ ಹೇಳಿದರು ಎಂದು ಭಾವ ಕೇಳಿರಲಿಲ್ಲ. ಹೇಳಲು ಅಂಕಿ ಇತ್ತೆಂದೂ ನನಗೆ ಅನ್ನಿಸುವುದಿಲ್ಲ.

ಎಚ್‌ಡಬ್ಲ್ಯೂಇನ್ಫೋ ಎಂಬ ಉಚಿತ ತಂತ್ರಾಂಶವನ್ನು ಹಾಕಿ ನೋಡಿದಾಗ, ಏನೂ ಕೆಲಸವಿಲ್ಲದೆ ಸುಮ್ಮನಿದ್ದ ಪ್ರೊಸೆಸರಿನ ಉಷ್ಣಾಂಶ 62 ಡಿಗ್ರಿ ಇತ್ತು. ಭಾರ ಹಾಕಿದ, ಅಂದರೆ ಪ್ರೊಸೆಸರಿಗೆ ಪೂರ್ತಿ ಕೆಲಸ ಕೊಟ್ಟ, ಎರಡೇ ನಿಮಿಷದಲ್ಲಿ ಅದು 99ಕ್ಕೆ ಏರಿ, 3.6 ಗಿಗಾಹರ್ಟ್ಜ್ ವೇಗದಲ್ಲಿ ಓಡಬೇಕಾಗಿದ್ದ ಪ್ರೊಸೆಸರ್ 2ಕ್ಕಿಂತ ಕೆಳಗಿಳಿಯಿತು. ಈ ಪ್ರೊಸೆಸರಿಗೆ ಇಂಟೆಲ್ ಗೊತ್ತುಮಾಡಿದ ಗರಿಷ್ಠ ಮಿತಿ 100 ಡಿಗ್ರಿ. ಅದರ ಹತ್ತಿರ ಬಂದೊಡನೆ ಚಿಪ್ ತನ್ನನ್ನು ಕಾಪಾಡಿಕೊಳ್ಳಲು ವೇಗವನ್ನು ತಾನೇ ಇಳಿಸುತ್ತದೆ. ಬಳಸುವವರಿಗೆ ಇದು "ಸ್ಲೋ ಆಯಿತು" ಎಂದಷ್ಟೇ ಕಾಣುತ್ತದೆ. ಕ್ಯಾಬಿನೆಟ್ ಬಿಚ್ಚಿದಾಗ ಕಾರಣ ಕಣ್ಣೆದುರೇ ಇತ್ತು. ಯಂತ್ರ ಇದ್ದದ್ದು ದೇವರ ಕೋಣೆಯ ಪಕ್ಕದಲ್ಲಿ; ಏಳು ವರ್ಷಗಳ ದೀಪದ ಮಸಿ, ಊದುಬತ್ತಿಯ ಹೊಗೆ ಮತ್ತು ಧೂಳು ಸೇರಿ, ಪ್ರೊಸೆಸರಿನ ಬಿಸಿಯನ್ನು ಹೊರಹಾಕುವ ಹೀಟ್‌ಸಿಂಕಿನ ಎಲೆಗಳ ನಡುವೆ ಕಂಬಳಿಯ ಹಾಗೆ ಹೆಣೆದುಕೊಂಡಿದ್ದವು. ಕೂಲರನ್ನು ಹಿಡಿದಿಡುವ ನಾಲ್ಕು ಪ್ಲಾಸ್ಟಿಕ್ ಪಿನ್ನುಗಳಲ್ಲಿ ಒಂದು ಸಡಿಲವಾಗಿ ಎದ್ದು ನಿಂತಿತ್ತು. ಚಿಪ್ಪಿನ ಬಿಸಿಯನ್ನು ಕೂಲರಿಗೆ ದಾಟಿಸುವ ಥರ್ಮಲ್ ಪೇಸ್ಟ್ ಒಣಗಿ ಸುಣ್ಣದ ಹುಡಿಯಂತಾಗಿತ್ತು. ಎಲ್ಲವನ್ನೂ ಸ್ವಚ್ಛಗೊಳಿಸಿ, ಹೊಸ ಪೇಸ್ಟ್ ಹಚ್ಚಿ, ಪಿನ್ನನ್ನು ಸರಿಯಾಗಿ ಕೂರಿಸಿದ ಮೇಲೆ ಅದೇ ಭಾರಕ್ಕೆ ಉಷ್ಣಾಂಶ 66 ಡಿಗ್ರಿಯಲ್ಲಿ ನಿಂತಿತು, ವೇಗ 3.6ರಿಂದ ಕದಲಲಿಲ್ಲ. ಮದರ್‌ಬೋರ್ಡಿಗೆ ಏನೂ ಆಗಿರಲಿಲ್ಲ.

ಆ 66 ಎಂಬ ಅಂಕಿಯನ್ನು ನಾನು ಬರೆದಿಟ್ಟುಕೊಂಡೆ. ಅದರ ಪಕ್ಕದಲ್ಲಿ ಕೋಣೆಯ ಉಷ್ಣಾಂಶ 29 ಎಂದೂ ಬರೆದೆ. ನಮ್ಮ ಊರಿನಲ್ಲಿ ಎರಡನೆಯ ಅಂಕಿ ಇಲ್ಲದೆ ಮೊದಲನೆಯದಕ್ಕೆ ಹೆಚ್ಚಿನ ಅರ್ಥವಿಲ್ಲ. ಗಾಳಿಯಿಂದ ತಣಿಯುವ ಯಾವುದೇ ಯಂತ್ರವೂ ಸುತ್ತಲಿನ ಗಾಳಿಗಿಂತ ತಣ್ಣಗಾಗಲಾರದು. ಕೂಲರಿನ ಕೆಲಸ ಆ ಗಾಳಿಗೂ ಚಿಪ್ಪಿಗೂ ಇರುವ ವ್ಯತ್ಯಾಸವನ್ನು ಒಂದು ಮಟ್ಟದಲ್ಲಿ ಹಿಡಿದಿಡುವುದು. ಇಲ್ಲಿ ಆ ವ್ಯತ್ಯಾಸ 37 ಡಿಗ್ರಿ. ಮೇ ತಿಂಗಳ ಸೆಕೆಯಲ್ಲಿ ಕೋಣೆ 34 ಡಿಗ್ರಿಗೆ ಹೋದಾಗ ಇದೇ ಪ್ರೊಸೆಸರ್ 71ರ ಆಸುಪಾಸಿನಲ್ಲಿ ನಿಂತರೆ ಗಾಬರಿಪಡಬೇಕಾಗಿಲ್ಲ, ಯಂತ್ರ ಮೊದಲಿನಂತೆಯೇ ಇದೆ. ಡಿಸೆಂಬರಿನ ಬೆಳಗ್ಗೆ ಕೋಣೆ 25 ಡಿಗ್ರಿ ಇದ್ದಾಗಲೂ ಅದು 71 ತೋರಿಸಿದರೆ, ಅಂಕಿ ಅದೇ ಆದರೂ ವ್ಯತ್ಯಾಸ 46ಕ್ಕೆ ಏರಿದೆ. ಧೂಳು ಸೇರಿದೆ, ಫ್ಯಾನ್ ನಿಧಾನವಾಗಿದೆ ಅಥವಾ ಪೇಸ್ಟ್ ಒಣಗಿದೆ ಎಂದು ತಿಳಿಯಬೇಕು. ತಂಪು ದೇಶದವರೊಬ್ಬರು "ನನ್ನದು 55ರಲ್ಲಿ ಓಡುತ್ತದೆ" ಎಂದು ಬರೆದದ್ದನ್ನು ಓದಿ ಏಪ್ರಿಲಿನಲ್ಲಿ ಹೊಸ ಕೂಲರ್ ಕೊಳ್ಳಲು ಹೊರಟವರನ್ನು ನಾನು ಕಂಡಿದ್ದೇನೆ. ಗೋಡೆಗೆ ತೂಗುಹಾಕುವ ಒಂದು ಸಾಧಾರಣ ಉಷ್ಣಮಾಪಕ ಅವರ ದುಡ್ಡನ್ನು ಉಳಿಸುತ್ತಿತ್ತು.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನೂ ಬಿಡಿಸಬೇಕು. ತೇವ ಹೆಚ್ಚಾದರೆ ಕಂಪ್ಯೂಟರಿಗೂ ನಮ್ಮ ಹಾಗೆಯೇ ಸೆಕೆಯಾಗುತ್ತದೆ ಎಂದು ಅನೇಕರು ನಂಬಿದ್ದಾರೆ. ನಮಗೆ ಸೆಕೆಯೆನಿಸುವುದು ಬೆವರು ಆರದೆ ಇರುವುದರಿಂದ. ಯಂತ್ರ ಬೆವರುವುದಿಲ್ಲ, ಅದಕ್ಕೆ ತಗಲುವುದು ಗಾಳಿಯ ಉಷ್ಣಾಂಶ ಮಾತ್ರ. ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಕೋಣೆ 26 ಡಿಗ್ರಿ ಇದ್ದರೆ, ಬಟ್ಟೆ ಮೂರು ದಿನವಾದರೂ ಒಣಗದಷ್ಟು ತೇವವಿದ್ದರೂ ಉಷ್ಣಾಂಶದ ಮಟ್ಟಿಗೆ ಪ್ರೊಸೆಸರಿಗೆ ಅದು ಒಳ್ಳೆಯ ಕಾಲವೇ. ತೇವದಿಂದ ಆಗುವ ಕೇಡು ಬೇರೆಯದು, ನಿಧಾನವಾದದ್ದು, ಮತ್ತು ಉಷ್ಣಾಂಶದ ಯಾವ ತಂತ್ರಾಂಶದಲ್ಲೂ ಕಾಣದಂಥದು.

ಸಮುದ್ರದಿಂದ ಬರುವ ಗಾಳಿಯಲ್ಲಿ ಉಪ್ಪಿನ ಸೂಕ್ಷ್ಮ ಕಣಗಳಿರುತ್ತವೆ. ಪಣಂಬೂರು, ಉಳ್ಳಾಲ, ಮಲ್ಪೆ, ಪಡುಬಿದ್ರಿಯಂಥ ಕಡಲ ಬದಿಯ ಊರುಗಳಲ್ಲಿ ಕಿಟಕಿಯ ಸರಳು, ಬೀಗ, ಹೊಲಿಗೆ ಯಂತ್ರಗಳು ಎಷ್ಟು ಬೇಗ ತುಕ್ಕು ಹಿಡಿಯುತ್ತವೆ ಎಂಬುದು ಎಲ್ಲರಿಗೂ ಗೊತ್ತು. ಅದೇ ಉಪ್ಪು ಧೂಳಿನ ಜೊತೆ ಸೇರಿ ಮದರ್‌ಬೋರ್ಡಿನ ಮೇಲೂ ಕೂರುತ್ತದೆ. ಒಣ ಹವೆಯಲ್ಲಿ ಅದು ಬರಿಯ ಹುಡಿ. ಆದರೆ ಅಡುಗೆ ಉಪ್ಪು ಗಾಳಿಯ ಸಾಪೇಕ್ಷ ಆರ್ದ್ರತೆ ಸುಮಾರು 75 ಶೇಕಡಾ ದಾಟಿದೊಡನೆ ನೀರನ್ನು ಹೀರಿ ಕರಗತೊಡಗುತ್ತದೆ. ಮಳೆಗಾಲದಲ್ಲಿ ಉಪ್ಪಿನ ಭರಣಿಯಲ್ಲಿ ನೀರೂರುವುದನ್ನು ನೋಡಿದವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ನಮ್ಮಲ್ಲಿ ಜೂನಿನಿಂದ ಸೆಪ್ಟೆಂಬರಿನವರೆಗೆ ಆರ್ದ್ರತೆ ಬಹುಪಾಲು ಆ ಗೆರೆಯ ಮೇಲೆಯೇ ಇರುತ್ತದೆ. ಆಗ ಬೋರ್ಡಿನ ಮೇಲಿನ ಧೂಳು ಉಪ್ಪುನೀರಿನ ತೆಳು ಪೊರೆಯಾಗಿ, ಹತ್ತಿರದಲ್ಲಿರುವ ಎರಡು ಗೆರೆಗಳ ನಡುವೆ ವಿದ್ಯುತ್ ಸೋರುವ ದಾರಿಯಾಗುತ್ತದೆ. ತಾಮ್ರದ ಭಾಗಗಳಲ್ಲಿ ಹಸಿರು ಕಿಲುಬು ಮೂಡುತ್ತದೆ. ಬೇಸಿಗೆಯಲ್ಲಿ ಚೆನ್ನಾಗಿದ್ದ ಯಂತ್ರ ಜುಲೈಯಲ್ಲಿ ಒಂದು ದಿನ ಚಾಲೂ ಆಗಿ ಇನ್ನೊಂದು ದಿನ ಆಗದಿರುವುದರ ಹಿಂದೆ ಹಲವು ಸಲ ಇದೇ ಇರುತ್ತದೆ.

ಇದಕ್ಕೆ ಮನೆಯಲ್ಲೇ ಮಾಡಬಹುದಾದ ಪರಿಹಾರ ಸರಳವಾಗಿದೆ. ಮಳೆಗಾಲದ ಮೊದಲು ಧೂಳನ್ನು ತೆಗೆಯಬೇಕು. ಧೂಳಿಲ್ಲದಿದ್ದರೆ ಉಪ್ಪಿಗೆ ನೆಲೆ ಕಡಿಮೆ. ಮಳೆಗಾಲದಲ್ಲಿ ಬಳಕೆ ಇಲ್ಲದಿದ್ದರೂ ಯಂತ್ರವನ್ನು ದಿನಕ್ಕೊಂದು ಗಂಟೆ ಓಡಿಸಬೇಕು. ಒಳಗಿನ ಗಾಳಿ ಬೆಚ್ಚಗಾದಷ್ಟೂ ಅದರ ಸಾಪೇಕ್ಷ ಆರ್ದ್ರತೆ ಇಳಿಯುತ್ತದೆ. ತಿಂಗಳುಗಟ್ಟಲೆ ಬಟ್ಟೆ ಹೊದಿಸಿ ಮೂಲೆಯಲ್ಲಿಡುವುದು ಕಾಪಾಡುವ ಕ್ರಮವಲ್ಲ. ಹಾಗೆಯೇ ರ‍್ಯಾಮನ್ನು ತೆಗೆದು ಪೆನ್ಸಿಲ್ ರಬ್ಬರಿನಿಂದ ಉಜ್ಜಿ ಮತ್ತೆ ಹಾಕುವ ಪದ್ಧತಿ ನಮ್ಮಲ್ಲಿ ಎಲ್ಲೆಡೆ ಇದೆ. ಅದು ಬಹಳ ಸಲ ಫಲಿಸುತ್ತದೆ, ಏಕೆಂದರೆ ತೊಂದರೆ ನಿಜವಾಗಿಯೂ ಸಂಪರ್ಕದ ಜಾಗದಲ್ಲೇ ಇರುತ್ತದೆ. ಆದರೆ ಆ ಚಿನ್ನದ ಲೇಪ ತೀರಾ ತೆಳುವಾದದ್ದು; ಪ್ರತಿ ಮಳೆಗಾಲದಲ್ಲೂ ಉಜ್ಜಿದರೆ ಅದು ಸವೆದು ಕೆಳಗಿನ ಲೋಹ ಬಯಲಾಗುತ್ತದೆ. ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿದ ಮೆತ್ತನೆಯ ಬಟ್ಟೆಯಿಂದ ಒರೆಸುವುದು ಮೇಲು.

ಭಾವನ ಯಂತ್ರಕ್ಕೆ ಮರಳುತ್ತೇನೆ, ಏಕೆಂದರೆ ಬಿಸಿ ಇಳಿದ ಮೇಲೂ ಅದರ ಕತೆ ಮುಗಿದಿರಲಿಲ್ಲ. ವೇಗ ಸರಿಯಾಗಿದ್ದರೂ ಲೆಕ್ಕದ ತಂತ್ರಾಂಶ ತೆರೆಯಲು ಎರಡು ನಿಮಿಷ ಹಿಡಿಯುತ್ತಿತ್ತು. ವಿಂಡೋಸಿನಲ್ಲೇ ಇರುವ ಟಾಸ್ಕ್ ಮ್ಯಾನೇಜರಿನ ಪರ್ಫಾರ್ಮೆನ್ಸ್ ಪುಟದಲ್ಲಿ ಡಿಸ್ಕ್ 100 ಶೇಕಡಾ ಎಂದು ತೋರುತ್ತಿತ್ತು. ಆದರೆ ಓದುವ ವೇಗ ಸೆಕೆಂಡಿಗೆ 1 ಎಂಬಿಯಷ್ಟೂ ಇರಲಿಲ್ಲ. ಈ 100ನ್ನು ತಪ್ಪಾಗಿ ಓದುವವರೇ ಹೆಚ್ಚು. ಅದು ಡಿಸ್ಕ್ ಪೂರ್ತಿ ವೇಗದಲ್ಲಿ ಓಡುತ್ತಿದೆ ಎಂದು ಹೇಳುವುದಿಲ್ಲ. ಡಿಸ್ಕ್ ಒಂದು ಕ್ಷಣವೂ ಬಿಡುವಿಲ್ಲದೆ ಯಾವುದೋ ಕೋರಿಕೆಗೆ ಉತ್ತರಿಸಲು ಹೆಣಗುತ್ತಿದೆ ಎಂದು ಹೇಳುತ್ತದೆ. ಅಲ್ಲೇ ಕೆಳಗೆ ಸರಾಸರಿ ಪ್ರತಿಕ್ರಿಯೆಯ ಸಮಯವೆಂದು ಮಿಲಿಸೆಕೆಂಡಿನಲ್ಲಿ ಒಂದು ಅಂಕಿ ಇರುತ್ತದೆ. ಸುಸ್ಥಿತಿಯಲ್ಲಿರುವ ಹಾರ್ಡ್ ಡಿಸ್ಕಿನಲ್ಲಿ ಅದು ಹತ್ತಿಪ್ಪತ್ತರ ಸುತ್ತ ಇರಬೇಕು. ಅಲ್ಲಿ 900 ದಾಟಿತ್ತು.

ತಿರುಗುವ ಹಾರ್ಡ್ ಡಿಸ್ಕ್ ಒಂದೇ ದೊಡ್ಡ ಕಡತವನ್ನು ಓದುವಾಗ ಸೆಕೆಂಡಿಗೆ 100ರಿಂದ 200 ಎಂಬಿ ಕೊಡಬಲ್ಲದು. ಆದರೆ ವಿಂಡೋಸ್ ಚಾಲೂ ಆಗುವಾಗ ಅದಕ್ಕೆ ಬೇಕಾಗುವುದು ಅಲ್ಲೊಂದು ಇಲ್ಲೊಂದು ಚದುರಿದ ಸಾವಿರಾರು ಸಣ್ಣ ತುಣುಕುಗಳು. ಅಂಥ ಓದಿನಲ್ಲಿ ಒಳ್ಳೆಯ ಹಾರ್ಡ್ ಡಿಸ್ಕೂ ಸೆಕೆಂಡಿಗೆ ಒಂದು ಎಂಬಿಯ ಹತ್ತಿರಕ್ಕೆ ಇಳಿಯುತ್ತದೆ. ತಿರುಗುವ ಭಾಗವಿಲ್ಲದೆ ಚಿಪ್ಪುಗಳಲ್ಲೇ ದತ್ತಾಂಶ ಇಡುವ ಸಾಟಾ ಎಸ್‌ಎಸ್‌ಡಿ ನೇರ ಓದಿನಲ್ಲಿ 550 ಎಂಬಿಯವರೆಗೆ ಹೋಗುತ್ತದೆ ಎಂಬುದಕ್ಕಿಂತ, ಚದುರಿದ ಓದಿನಲ್ಲಿ ಅದು ಹಾರ್ಡ್ ಡಿಸ್ಕಿಗಿಂತ ಹತ್ತಾರು ಪಟ್ಟು ಮುಂದಿದೆ ಎಂಬುದೇ ದಿನನಿತ್ಯದ ಬಳಕೆಯಲ್ಲಿ ಕಾಣುವ ವ್ಯತ್ಯಾಸ. ಕ್ರಿಸ್ಟಲ್‌ಡಿಸ್ಕ್‌ಮಾರ್ಕ್ ತಂತ್ರಾಂಶದ ಮೊದಲ ಸಾಲಿನ ದೊಡ್ಡ ಅಂಕಿಯನ್ನು ಬಿಟ್ಟು ಕೊನೆಯ ಸಾಲಿನ ಸಣ್ಣ ಅಂಕಿಯನ್ನು ನೋಡಬೇಕೆಂದು ನಾನು ಎಲ್ಲರಿಗೂ ಹೇಳುವುದು ಈ ಕಾರಣಕ್ಕೆ.

ವೇಗಕ್ಕಿಂತ ಮುಖ್ಯವಾದದ್ದು ಡಿಸ್ಕಿನ ಆರೋಗ್ಯ. ಪ್ರತಿ ಡಿಸ್ಕೂ ತನ್ನ ಬಗ್ಗೆ ತಾನೇ ಸ್ಮಾರ್ಟ್ ಎಂಬ ದಾಖಲೆಯನ್ನು ಇಟ್ಟುಕೊಂಡಿರುತ್ತದೆ. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಅದನ್ನು ತೆರೆದು ತೋರಿಸುತ್ತದೆ. ಹಾರ್ಡ್ ಡಿಸ್ಕಿನಲ್ಲಿ ನೋಡಬೇಕಾದ ಸಾಲುಗಳು ನಾಲ್ಕೇ. 05 ಎಂಬ ಸಾಲು ಕೆಟ್ಟು ಬದಲಿ ಜಾಗಕ್ಕೆ ಕಳಿಸಲಾದ ಸೆಕ್ಟರುಗಳ (ಡಿಸ್ಕಿನ ಸಣ್ಣ ತುಂಡುಗಳ) ಲೆಕ್ಕ; ಸಿ5 ಓದಲಾಗದೆ ತೀರ್ಮಾನಕ್ಕೆ ಕಾಯುತ್ತಿರುವ ಸೆಕ್ಟರುಗಳದ್ದು; ಸಿ6 ಸರಿಪಡಿಸಲಾಗದವುಗಳದ್ದು. ಈ ಮೂರೂ ಸೊನ್ನೆಯಾಗಿರಬೇಕು. ಸಿ7 ಡಿಸ್ಕಿಗೂ ಬೋರ್ಡಿಗೂ ನಡುವೆ ದತ್ತಾಂಶ ಸಾಗುವಾಗಿನ ತಪ್ಪುಗಳ ಲೆಕ್ಕ; ಅದು ಮಾತ್ರ ಏರುತ್ತಿದ್ದರೆ ತಪ್ಪು ಬಹುಮಟ್ಟಿಗೆ ಡಿಸ್ಕಿನದ್ದಲ್ಲ, ಅದರ ಕೇಬಲಿನದ್ದು. ನಮ್ಮ ಹವೆಯಲ್ಲಿ ಕೇಬಲಿನ ತುದಿಗೆ ಕಿಲುಬು ಹಿಡಿಯುವುದು ಸಾಮಾನ್ಯ, ಮತ್ತು ಬದಲಿ ಕೇಬಲಿಗೆ ಹೆಚ್ಚು ಖರ್ಚಿಲ್ಲ. ಭಾವನ ಡಿಸ್ಕಿನಲ್ಲಿ ಸಿ5 ಸಾಲು 8 ಎಂದು ತೋರಿಸುತ್ತಿತ್ತು.

ಎಂಟೇ ಅಲ್ಲವೇ ಎನ್ನುವಂತಿಲ್ಲ. ಗೂಗಲ್ ಸಂಸ್ಥೆಯ ಸಂಶೋಧಕರು ಒಂದು ಲಕ್ಷಕ್ಕೂ ಹೆಚ್ಚು ಹಾರ್ಡ್ ಡಿಸ್ಕುಗಳನ್ನು ಗಮನಿಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಡಿಸ್ಕಿನ ಮೇಲ್ಮೈಯನ್ನು ಓದುವಾಗ ಮೊದಲ ದೋಷ ಕಂಡ ಡಿಸ್ಕ್ ಮುಂದಿನ 60 ದಿನಗಳಲ್ಲಿ ಕೆಡುವ ಸಾಧ್ಯತೆ, ಅಂಥ ದೋಷವಿಲ್ಲದ ಡಿಸ್ಕಿಗಿಂತ 39 ಪಟ್ಟು ಹೆಚ್ಚು ಎಂದು ಕಂಡುಬಂದಿತ್ತು. ಅದೇ ಅಧ್ಯಯನದ ಇನ್ನೊಂದು ಮಾತನ್ನು ಜನ ಅಷ್ಟಾಗಿ ಎತ್ತುವುದಿಲ್ಲ: ಕೆಟ್ಟುಹೋದ ಡಿಸ್ಕುಗಳಲ್ಲಿ ಶೇಕಡಾ 36ಕ್ಕೂ ಹೆಚ್ಚಿನವುಗಳಲ್ಲಿ, ಉಷ್ಣಾಂಶವನ್ನು ಬಿಟ್ಟರೆ, ಸ್ಮಾರ್ಟ್ ದಾಖಲೆಯ ಯಾವ ಸಾಲಿನಲ್ಲೂ ಮುನ್ಸೂಚನೆ ಇರಲಿಲ್ಲ. ಅಂದರೆ ತಂತ್ರಾಂಶ ಡಿಸ್ಕ್ ಕೆಟ್ಟಿದೆ ಎಂಬ ಕೆಂಪು ಬಣ್ಣ ತೋರಿಸಿದರೆ ನಂಬಬೇಕು. ಚೆನ್ನಾಗಿದೆ ಎಂಬ ನೀಲಿ ಬಣ್ಣ ತೋರಿಸಿದರೆ ನಿಶ್ಚಿಂತರಾಗಬಾರದು. ಮನೆಯ ಫೋಟೋಗಳೂ ಅಂಗಡಿಯ ಲೆಕ್ಕವೂ ಒಂದೇ ಡಿಸ್ಕಿನಲ್ಲಿದ್ದರೆ ಯಾವ ಪರೀಕ್ಷೆಯೂ ಅವುಗಳನ್ನು ಉಳಿಸದು, ಇನ್ನೊಂದು ಪ್ರತಿ ಮಾತ್ರ ಉಳಿಸಬಲ್ಲದು. ಅನುಮಾನವಿರುವ ಡಿಸ್ಕಿನ ಮೇಲೆ ವೇಗದ ಪರೀಕ್ಷೆ ನಡೆಸುವ ಮೊದಲೇ ಆ ಪ್ರತಿ ಮಾಡಿಟ್ಟುಕೊಳ್ಳಬೇಕು, ಏಕೆಂದರೆ ಸಾಯುತ್ತಿರುವ ಡಿಸ್ಕಿಗೆ ಪರೀಕ್ಷೆಯೇ ಕೊನೆಯ ಭಾರವಾಗಬಹುದು. ನಾವೂ ಮೊದಲು ಲೆಕ್ಕದ ಕಡತಗಳನ್ನು ಹೊರಗಿನ ಡಿಸ್ಕಿಗೆ ತೆಗೆದು, ಆಮೇಲೆ ಹಳೆಯದರ ಜಾಗಕ್ಕೆ 500 ಜಿಬಿಯ ಎಸ್‌ಎಸ್‌ಡಿ ಹಾಕಿದೆವು.

ಎಸ್‌ಎಸ್‌ಡಿಗೂ ಆಯುಸ್ಸಿನ ಮಿತಿಯಿದೆ, ಆದರೆ ಅದರ ಬಗ್ಗೆ ಇರುವ ಭಯ ಹೆಚ್ಚಿನದು. 500 ಜಿಬಿಯ ಕೆಲವು ಒಳ್ಳೆಯ ತಯಾರಿಕೆಗಳಿಗೆ 300 ಟೆರಾಬೈಟ್ ಬರೆಯುವವರೆಗೆ ಖಾತರಿ ಇರುತ್ತದೆ. ದಿನಕ್ಕೆ 20 ಜಿಬಿ ಬರೆದರೂ ಅದು ಮುಗಿಯಲು 40 ವರ್ಷ ಬೇಕು.

ಇನ್ನು ವಿದ್ಯುತ್ತು. ಮಂಗಳೂರಿನಲ್ಲಿ ಕಂಪ್ಯೂಟರ್ ತಾನಾಗಿ ರೀಸ್ಟಾರ್ಟ್ ಆಗುತ್ತಿದೆ ಎಂದು ಯಾರಾದರೂ ಹೇಳಿದರೆ ನಾನು ಮೊದಲು ಕೇಳುವುದು ಮನೆಯಲ್ಲಿ ಇನ್ವರ್ಟರ್ ಇದೆಯೇ, ಯುಪಿಎಸ್ ಕ್ರಮ, ಸಾಮಾನ್ಯ ಕ್ರಮ ಎಂದು ಬದಲಿಸುವ ಅದರ ಹಿಂದಿನ ಸ್ವಿಚ್ ಯಾವ ಕಡೆ ಇದೆ ಎಂದು. ಕರೆಂಟು ಹೋದ ಕ್ಷಣದಿಂದ ಇನ್ವರ್ಟರ್ ಹೊತ್ತುಕೊಳ್ಳುವವರೆಗೆ ಒಂದು ಸಣ್ಣ ಖಾಲಿ ಇರುತ್ತದೆ. ಗೋಡೆಯ ವಿದ್ಯುತ್ತನ್ನು ಕಂಪ್ಯೂಟರಿಗೆ ಬೇಕಾದಂತೆ ಬದಲಿಸಿಕೊಡುವ ಎಸ್‌ಎಂಪಿಎಸ್ ತನ್ನೊಳಗೆ ವಿದ್ಯುತ್ ಹಿಡಿದಿಡುವ ಕೆಪಾಸಿಟರುಗಳ ಬಲದಿಂದ ತುಂಬಿದ ಭಾರದಲ್ಲಿ ಸುಮಾರು 16 ಮಿಲಿಸೆಕೆಂಡು ತಾಳಿಕೊಳ್ಳಬೇಕೆಂದು 2018ರ ಸುಮಾರಿನ ಯಂತ್ರಗಳ ವಿನ್ಯಾಸದ ನಿಯಮವಿತ್ತು. ಬಹಳಷ್ಟು ಮನೆ ಇನ್ವರ್ಟರುಗಳು ಯುಪಿಎಸ್ ಕ್ರಮದಲ್ಲಿ 10 ಮಿಲಿಸೆಕೆಂಡಿನ ಆಸುಪಾಸಿನಲ್ಲಿ ಬದಲಾಗುತ್ತವೆ. ಸಾಮಾನ್ಯ ಕ್ರಮದಲ್ಲಿಟ್ಟರೆ ಅದಕ್ಕಿಂತ ಹೆಚ್ಚು ಸಮಯ ತೆಗೆದುಕೊಳ್ಳುತ್ತವೆ. ಫ್ಯಾನಿಗೆ, ದೀಪಕ್ಕೆ ಅದು ಗೊತ್ತೇ ಆಗುವುದಿಲ್ಲ. ಕಂಪ್ಯೂಟರ್ ಮಾತ್ರ ಆರಿ ಹೊತ್ತಿಕೊಳ್ಳುತ್ತದೆ. ಹೊಸದಾಗಿದ್ದಾಗ ಈ ಅಂತರವನ್ನು ದಾಟುತ್ತಿದ್ದ ಎಸ್‌ಎಂಪಿಎಸ್, ಆರೇಳು ವರ್ಷದ ಬಿಸಿಗೆ ಕೆಪಾಸಿಟರ್ ಸೊರಗಿದ ಮೇಲೆ ದಾಟಲಾರದು. ಒಂದು ಸ್ವಿಚ್ ತಿರುಗಿಸುವುದರಿಂದ ಸರಿಹೋಗುವ ತೊಂದರೆಗೆ ಮದರ್‌ಬೋರ್ಡ್ ಬದಲಿಸಿದ ಮನೆಗಳು ನನಗೆ ಗೊತ್ತು.

ಇದನ್ನು ಊಹೆಗೆ ಬಿಡದೆ ಪರಿಶೀಲಿಸಲು ವಿಂಡೋಸಿನಲ್ಲೇ ರಿಲಯಬಿಲಿಟಿ ಮಾನಿಟರ್ ಎಂಬ ಪುಟವಿದೆ. ಯಾವ ದಿನ ಯಂತ್ರ ಸರಿಯಾಗಿ ಮುಚ್ಚಿಕೊಳ್ಳದೆ ನಿಂತಿತು ಎಂಬುದನ್ನು ಅದು ಕ್ಯಾಲೆಂಡರಿನಂತೆ ತೋರಿಸುತ್ತದೆ. ಆ ದಿನಾಂಕಗಳನ್ನು ಕರೆಂಟು ಹೋದ ದಿನಗಳ ಜೊತೆ ಹೋಲಿಸಿದರೆ ಸಾಕು, ಅರ್ಧ ಉತ್ತರ ಸಿಗುತ್ತದೆ. ವಿಂಡೋಸಿನ ದಾಖಲೆಪುಸ್ತಕವಾದ ಇವೆಂಟ್ ವ್ಯೂವರಿನಲ್ಲಿ ಕರ್ನಲ್-ಪವರ್ 41 ಎಂಬ ದಾಖಲೆ ಕಂಡು ಎಸ್‌ಎಂಪಿಎಸ್ ಹೋಯಿತೆಂದು ನಿರ್ಧರಿಸುವವರಿದ್ದಾರೆ. ಆ ದಾಖಲೆ ಯಂತ್ರ ಕ್ರಮವಾಗಿ ಮುಚ್ಚಿಕೊಳ್ಳದೆ ನಿಂತು ಮತ್ತೆ ಚಾಲೂ ಆಯಿತು ಎಂದಷ್ಟೇ ಹೇಳುತ್ತದೆ, ಏಕೆ ಎಂದು ಹೇಳುವುದಿಲ್ಲ. ಡಬ್ಲ್ಯೂಎಚ್‌ಇಎ-ಲಾಗರ್ ಎಂಬ ಹೆಸರಿನಲ್ಲಿ ದೋಷ ದಾಖಲಾಗಿದ್ದರೆ ಮಾತ್ರ ಯಂತ್ರಾಂಶವೇ ದೂರು ಕೊಟ್ಟಿದೆ ಎಂದರ್ಥ.

ಕ್ಯಾಬಿನೆಟ್ ಮುಟ್ಟಿದರೆ ಕೈ ಜುಂ ಎನ್ನುವುದೂ ಒಂದು ಪರೀಕ್ಷೆಯೇ. ಎಸ್‌ಎಂಪಿಎಸ್ ಒಳಗೆ ಬರುವ ಗದ್ದಲವನ್ನು ಸೋಸಲು ಫೇಸಿನಿಂದಲೂ ನ್ಯೂಟ್ರಲಿನಿಂದಲೂ ಕ್ಯಾಬಿನೆಟ್ಟಿಗೆ ಪುಟ್ಟ ಕೆಪಾಸಿಟರುಗಳಿರುತ್ತವೆ. ಅರ್ಥಿಂಗ್ ಸರಿಯಿದ್ದರೆ ಆ ಅಲ್ಪ ವಿದ್ಯುತ್ತು ನೆಲಕ್ಕೆ ಹೋಗುತ್ತದೆ. ಇಲ್ಲದಿದ್ದರೆ 230 ವೋಲ್ಟಿನ ಸುಮಾರು ಅರ್ಧದಷ್ಟು ಕ್ಯಾಬಿನೆಟ್ಟಿನ ಮೇಲೆ ನಿಲ್ಲುತ್ತದೆ. ಮುರಕಲ್ಲಿನ ನೆಲದಲ್ಲಿ ಮಾಡಿದ ಅರ್ಥಿಂಗ್ ಗುಂಡಿ ಬೇಸಿಗೆಯಲ್ಲಿ ಒಣಗಿ ಕೆಲಸ ನಿಲ್ಲಿಸುವುದು ನಮ್ಮ ಕಡೆ ಅಪರೂಪವಲ್ಲ. ಅದಕ್ಕೆ ಮಾರ್ಚಿನಿಂದ ನೀರೆರೆಯುತ್ತಿದ್ದ ಹಿರಿಯರ ಕ್ರಮ ಸರಿಯಾದದ್ದು. ಅರ್ಥಿಂಗ್ ಇಲ್ಲದ ಮನೆಯಲ್ಲಿ ಸರ್ಜ್ ಪ್ರೊಟೆಕ್ಟರ್ ತನ್ನ ಕೆಲಸವನ್ನು ಪೂರ್ತಿ ಮಾಡಲಾರದು. ಇದನ್ನು ಎಲೆಕ್ಟ್ರಿಷಿಯನ್ ಕೈಯಲ್ಲೇ ಅಳೆಯಿಸಬೇಕು. ಏಪ್ರಿಲ್, ಮೇ ಮತ್ತು ಅಕ್ಟೋಬರಿನ ಸಂಜೆಯ ಗುಡುಗಿನ ಹೊತ್ತಿಗೆ ಪ್ಲಗ್ ಕೀಳುವುದಕ್ಕೆ ಬದಲಿಯಾದ ಸಾಧನ ಯಾವುದೂ ಇಲ್ಲ. ಈಗ ಮನೆಗೆ ಬರುವ ಫೈಬರ್ ಕೇಬಲಿನ ಗಾಜಿನ ಎಳೆಯಲ್ಲಿ ಸಿಡಿಲು ಹರಿಯದೆಂಬುದು ನಿಜ. ಆದರೆ ರೌಟರಿನ ಅಡಾಪ್ಟರಿನಿಂದ ಬಂದದ್ದು ಅಲ್ಲಿಂದ ಕಂಪ್ಯೂಟರಿಗೆ ಹೋಗುವ ತಾಮ್ರದ ಲ್ಯಾನ್ ಕೇಬಲಿನಲ್ಲಿ ಹರಿಯುತ್ತದೆ. ಪ್ಲಗ್, ಲ್ಯಾನ್ ಕೇಬಲ್ ಎರಡನ್ನೂ ಬಿಡಿಸಬೇಕು.

ತಂತ್ರಾಂಶ ತೋರಿಸುವ ವೋಲ್ಟೇಜನ್ನು ಮಾತ್ರ ಕಣ್ಣುಮುಚ್ಚಿ ನಂಬಬಾರದು. 12 ವೋಲ್ಟಿನ ತಂತಿ 11.4ರಿಂದ 12.6ರೊಳಗೆ, 5 ವೋಲ್ಟಿನದ್ದು 4.75ರಿಂದ 5.25ರೊಳಗೆ ಇರಬೇಕೆಂಬುದು ನಿಯಮ. ತಂತ್ರಾಂಶ 12ರ ಜಾಗದಲ್ಲಿ 8 ಎಂದು ತೋರಿಸಿಯೂ ಯಂತ್ರ ಓಡುತ್ತಿದ್ದರೆ ತಪ್ಪು ಸಂವೇದಕದ್ದು; ನಿಜವಾಗಿ 8 ಇದ್ದರೆ ಯಂತ್ರ ಎದ್ದೇಳುತ್ತಲೇ ಇರಲಿಲ್ಲ. ಹಾಗೆಯೇ ಯಾವುದೋ ಒಂದು ಸಾಲಿನಲ್ಲಿ 127 ಡಿಗ್ರಿ ಎಂದು ಕದಲದೆ ನಿಂತಿದ್ದರೆ, ಅಲ್ಲಿ ಯಾವ ಸಂವೇದಕವೂ ಜೋಡಣೆಯಾಗಿಲ್ಲವೆಂದೇ ಸಾಮಾನ್ಯವಾಗಿ ಅರ್ಥ. ಅನುಮಾನವಿದ್ದಾಗ ಮಲ್ಟಿಮೀಟರಿನ ಮಾತೇ ಕೊನೆಯದು.

ರ‍್ಯಾಮಿನ ಪರೀಕ್ಷೆಗೆ ತಾಳ್ಮೆ ಬೇಕು. ಮೆಮ್‌ಟೆಸ್ಟ್86 ಅಥವಾ ಮೆಮ್‌ಟೆಸ್ಟ್86+ ತಂತ್ರಾಂಶವನ್ನು ಪೆನ್‌ಡ್ರೈವಿಗೆ ಹಾಕಿ, ಅದರಿಂದಲೇ ಯಂತ್ರವನ್ನು ಚಾಲೂ ಮಾಡಿ, ರಾತ್ರಿಯಿಡೀ ಓಡಲು ಬಿಡಬೇಕು. ಒಂದೇ ಒಂದು ತಪ್ಪು ಕಂಡರೂ ಅದು ಹೆಚ್ಚೇ. ಇಲ್ಲಿ ಪರವಾಗಿಲ್ಲ ಎನ್ನುವ ಮಟ್ಟವಿಲ್ಲ. ಎರಡು ರ‍್ಯಾಮ್ ಇದ್ದರೆ ಒಂದೊಂದನ್ನೇ ಹಾಕಿ ನೋಡಿದಾಗ ತಪ್ಪಿತಸ್ಥ ಸಿಗುತ್ತದೆ, ಮತ್ತು ಈಗಿನ ಬೆಲೆಯಲ್ಲಿ ಒಳ್ಳೆಯದನ್ನು ಕೆಟ್ಟದ್ದರ ಜೊತೆ ಎಸೆಯುವುದು ತಪ್ಪುತ್ತದೆ.

ಒಟ್ಟು ಸಾಮರ್ಥ್ಯದ ಅಂಕ ಕೊಡುವ ಸಿನೆಬೆಂಚಿನಂಥ ಪರೀಕ್ಷೆಗಳನ್ನು ಊರವರ ಯಂತ್ರದ ಜೊತೆ ಹೋಲಿಸಲು ಬಳಸುವುದೇ ಹೆಚ್ಚು. ನನಗೆ ಅವು ಉಪಯುಕ್ತವೆನಿಸಿದ್ದು ಇನ್ನೊಂದು ರೀತಿಯಲ್ಲಿ. ಸಿನೆಬೆಂಚ್ ಆರ್23ರಲ್ಲಿ ಒಂದೇ ಸುತ್ತಿನ ಅಂಕವನ್ನೂ ಹತ್ತು ನಿಮಿಷ ಸತತವಾಗಿ ಓಡಿಸಿದ ಮೇಲಿನ ಅಂಕವನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಬೇಕು. ಎರಡರ ನಡುವೆ ದೊಡ್ಡ ಇಳಿತವಿದ್ದರೆ, ಪ್ರೊಸೆಸರಿಗೆ ಶಕ್ತಿಯಿದ್ದೂ ಅದನ್ನು ಉಳಿಸಿಕೊಳ್ಳಲು ತಂಪು ಸಾಲುತ್ತಿಲ್ಲ ಎಂದಾಯಿತು. ಲ್ಯಾಪ್‌ಟಾಪುಗಳಲ್ಲಿ ಇಂಥ ಇಳಿತ ಸ್ವಲ್ಪಮಟ್ಟಿಗೆ ಸಹಜ.

ಕಂಡ ಲಕ್ಷಣವನ್ನಷ್ಟೇ ನಂಬಿದರೆ ತಪ್ಪು ಭಾಗವನ್ನು ಶಂಕಿಸುತ್ತೇವೆ ಎಂಬುದಕ್ಕೆ 2024ರಲ್ಲಿ ಇಂಟೆಲ್‌ನ 13 ಮತ್ತು 14ನೆಯ ತಲೆಮಾರಿನ ಡೆಸ್ಕ್‌ಟಾಪ್ ಪ್ರೊಸೆಸರುಗಳ ಪ್ರಕರಣವಿದೆ. ಅವುಗಳಲ್ಲಿ ಕೆಲವು ಆಟಗಳು ಗ್ರಾಫಿಕ್ಸ್ ಮೆಮೊರಿ ಸಾಲದೆಂಬ ಸಂದೇಶ ಕೊಟ್ಟು ನಿಲ್ಲುತ್ತಿದ್ದವು; ಜನ ಸಹಜವಾಗಿ ಗ್ರಾಫಿಕ್ಸ್ ಕಾರ್ಡನ್ನು ಶಂಕಿಸಿದರು. ನಿಜವಾದ ಕಾರಣ ಪ್ರೊಸೆಸರಿಗೆ ಹೋಗುತ್ತಿದ್ದ ಅತಿಯಾದ ವೋಲ್ಟೇಜು ಎಂದು ಇಂಟೆಲ್ ಒಪ್ಪಿಕೊಂಡು, ಆ ವರ್ಷದ ಆಗಸ್ಟಿನಲ್ಲಿ ಅದನ್ನು 1.55 ವೋಲ್ಟಿಗೆ ಮಿತಿಗೊಳಿಸುವ ಪರಿಷ್ಕರಣೆಯನ್ನು ಬಿಡುಗಡೆ ಮಾಡಿತು. ವಾರಂಟಿಯನ್ನು ಎರಡು ವರ್ಷ ವಿಸ್ತರಿಸಿತು. ಆಗಲೇ ಹಾನಿಯಾಗಿದ್ದ ಚಿಪ್ಪುಗಳನ್ನು ಪರಿಷ್ಕರಣೆ ಸರಿಪಡಿಸಲಾರದು. ಆ ತಲೆಮಾರಿನ ಯಂತ್ರವಿರುವವರು ಬಯಾಸ್ (ಯಂತ್ರ ಚಾಲೂ ಆಗುವಾಗ ಮೊದಲು ಓಡುವ, ಬೋರ್ಡಿನೊಳಗಿನ ತಂತ್ರಾಂಶ) ಪರಿಷ್ಕರಿಸಿದ್ದೇವೆಯೇ ಎಂದು ಇವತ್ತೇ ನೋಡಿಕೊಳ್ಳಬೇಕು.

ವಿಂಡೋಸ್ 11ರ ಪ್ರಶ್ನೆಗೂ ಅಳತೆಯ ಉತ್ತರವೇ ಇದೆ. ಇಂಟೆಲ್‌ನಲ್ಲಿ 8ನೆಯ ತಲೆಮಾರಿನಿಂದ, ಎಎಂಡಿಯಲ್ಲಿ ರೈಜನ್ 2000 ಸರಣಿಯಿಂದ ಈಚಿನ ಬಹುತೇಕ ಪ್ರೊಸೆಸರುಗಳಿಗೆ ಅದು ಬರುತ್ತದೆ. ಜೊತೆಗೆ ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯ ಬೇಕು. ಎಷ್ಟೋ ಡೆಸ್ಕ್‌ಟಾಪುಗಳಲ್ಲಿ ಈ ಸೌಲಭ್ಯ ಪ್ರೊಸೆಸರಿನೊಳಗೇ ಇದ್ದು, ಬಯಾಸಿನಲ್ಲಿ ಆಫ್ ಆಗಿರುತ್ತದೆ. ಇಂಟೆಲ್ ಬೋರ್ಡುಗಳಲ್ಲಿ ಅದರ ಹೆಸರು ಪಿಟಿಟಿ, ಎಎಂಡಿಯಲ್ಲಿ ಎಫ್‌ಟಿಪಿಎಂ. ಭಾವನ ಯಂತ್ರ ವಿಂಡೋಸ್ 11ಕ್ಕೆ ಆಗದು ಎಂದದ್ದು ಇದೇ ಕಾರಣಕ್ಕೆ; ಬಯಾಸಿನಲ್ಲಿ ಒಂದು ಸಾಲನ್ನು ಬದಲಿಸಿದೊಡನೆ ಅದು ಆಯಿತು. ಅದಕ್ಕಿಂತ ಹಳೆಯ ಯಂತ್ರದವರು ನೋಂದಣಿ ಮಾಡಿಕೊಂಡರೆ 2026ರ ಅಕ್ಟೋಬರ್ 13ರವರೆಗೆ ವಿಂಡೋಸ್ 10ಕ್ಕೇ ಭದ್ರತಾ ಪರಿಷ್ಕರಣೆ ಪಡೆಯಬಹುದು. ಆಮೇಲೆ ಲಿನಕ್ಸ್ ಇದೆ, ಅಲ್ಲಿ ಇದೇ ಅಳತೆಗಳಿಗೆ ಎಲ್‌ಎಂ-ಸೆನ್ಸರ್ಸ್ ಮತ್ತು ಸ್ಮಾರ್ಟ್‌ಮಾನ್‌ಟೂಲ್ಸ್ ಇವೆ.

ನಮ್ಮ ಹವೆಗೆ ವರ್ಷಕ್ಕೆ ಮೂರು ಅಳತೆ ಸಾಕೆಂದು ನಾನು ಕಂಡುಕೊಂಡಿದ್ದೇನೆ: ಮೇ ಕೊನೆಯ ಭಾಗದಲ್ಲಿ ಬರುವ ಪತ್ತನಾಜೆಗೆ ಮೊದಲು, ಸೆಕೆ ತುದಿಗೇರಿದಾಗ ಒಂದು; ಆಟಿಯ ನಡುವೆ ಒಂದು; ಡಿಸೆಂಬರಿನ ತಂಪಿನಲ್ಲಿ ಒಂದು. ಪ್ರತಿ ಸಲವೂ ಕೋಣೆಯ ಉಷ್ಣಾಂಶ, ಹತ್ತು ನಿಮಿಷ ಭಾರ ಹಾಕಿದಾಗಿನ ಪ್ರೊಸೆಸರಿನ ಉಷ್ಣಾಂಶ ಮತ್ತು ವೇಗ, ಡಿಸ್ಕಿನ ಆ ಮೂರು ಸಾಲು ಅಥವಾ ಎಸ್‌ಎಸ್‌ಡಿಯ ಉಳಿದ ಆಯುಸ್ಸಿನ ಶೇಕಡಾ, ಲ್ಯಾಪ್‌ಟಾಪಾದರೆ ಬ್ಯಾಟರಿಯ ಈಗಿನ ಸಾಮರ್ಥ್ಯ. ಬರೆಯಲು ಐದು ನಿಮಿಷವೂ ಬೇಡ. ಭಾವನ ಮನೆಯಲ್ಲಿ ಅಂಗಡಿಯ ಲೆಕ್ಕದ ಪುಸ್ತಕದ ಕೊನೆಯ ಹಾಳೆಯಲ್ಲಿ ಎರಡು ಸಾಲು ಆಗಿವೆ. ಮಳೆಗಾಲದ ಕೊನೆಗೆ ಕೋಣೆ 29, ಪ್ರೊಸೆಸರ್ 66; ಡಿಸೆಂಬರಿನಲ್ಲಿ ಕೋಣೆ 26, ಪ್ರೊಸೆಸರ್ 63. ಎರಡನೆಯ ಸಾಲನ್ನು ಬರೆದವನು ಅವನ ಮಗ.